ಕಂಡಕ್ಟರ್ ಮಾವನ ರಸೀದಿ

ಬೀದಿಯಲ್ಲಿ ಯಾರನ್ನು ಕೇಳಿದರೂ ಕಂಡಕ್ಟರ್ ಮಾವನದು ದೊಡ್ಡ ಕೈ ಎನ್ನುತ್ತಿದ್ದರು. ಸೋದರಳಿಯ ಲಾರಿ ಓಡಿಸಿಕೊಂಡು ಊರೂರು ತಿರುಗುವವನು. ಅವನ ಹೆಂಡತಿಯನ್ನೂ ಎರಡು ಹೆಣ್ಣುಮಕ್ಕಳನ್ನೂ ಮಹಡಿಯ ಕೋಣೆಯಲ್ಲಿ ಇಟ್ಟುಕೊಂಡಿದ್ದಾರೆ, ಒಂದು ಕಾಸು ಮುಟ್ಟುವುದಿಲ್ಲ. ಈ ಕಾಲದಲ್ಲಿ ಯಾರಿದ್ದಾರೆ ಅಂಥವರು?

ಈ ಸಂಗತಿಯನ್ನು ಬೀದಿಗೆ ತಿಳಿಸಿದವರು ಯಾರೆಂದು ಕೇಳಿದರೆ ಅದಕ್ಕೂ ಎಲ್ಲರ ಉತ್ತರ ಒಂದೇ. ಕಂಡಕ್ಟರ್ ಮಾವನೇ.

ಮಹಡಿಯ ಸೊಸೆ ಮಾತ್ರ ತಿಂಗಳು ಹುಟ್ಟುತ್ತಲೇ ಬಾಡಿಗೆ ಕೊಡುತ್ತಿದ್ದಳು. ಆದರೆ ಕೊಡುವುದಕ್ಕೂ ಒಂದು ಕ್ರಮವಿತ್ತು. ನೋಟುಗಳನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ ಕೆಳಗೆ ಒಯ್ಯಬೇಕು. ಮಾವ ಕಿಟಕಿಯಾಚೆ ನೋಡುತ್ತ, ಪಕ್ಕದ ಮನೆಯಿಂದ ತಿಂಡಿ ತಂದವಳಿಗೆ ಹೇಳುವಂತೆ, "ಅಲ್ಲಿಟ್ಟು ಹೋಗಮ್ಮ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಬುಡದಿಂದ ಕೂಗು ಬರುತ್ತಿತ್ತು: "ಡಬ್ಬಿ ಮರ್ತು ಹೋಗಿದೀಯಲ್ಲಮ್ಮ." ಡಬ್ಬಿ ಖಾಲಿಯಿದ್ದರೆ ಲೆಕ್ಕ ಸರಿ ಎಂದರ್ಥ. ಎಲ್ಲಿಯಾದರೂ ಹರಿದ ನೋಟು ಸೇರಿಕೊಂಡಿದ್ದರೆ ಅದೊಂದು ಮಾತ್ರ ಡಬ್ಬಿಯ ತಳದಲ್ಲಿ ಸಪ್ಪೆ ಮೋರೆ ಹಾಕಿಕೊಂಡು ಬಿದ್ದಿರುತ್ತಿತ್ತು. ಬೇರೆ ನೋಟು ಹಾಕಿ ಮತ್ತೆ ಇಳಿಯಬೇಕು. ಬಾಡಿಗೆ ಎಂಬ ಮಾತು ಇಬ್ಬರ ಬಾಯಿಂದಲೂ ಬಂದದ್ದಿಲ್ಲ.

ಸೊಸೆಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ರೂಢಿಯಾಯಿತು. ಮುದುಕರಿಗೆ ಹೊಗಳಿಕೆಯ ಚಪಲ, ಇರಲಿ, ನನ್ನ ಗಂಟೇನು ಹೋಗಬೇಕು ಎಂದುಕೊಂಡಿದ್ದಳು. ಗಂಟು ಎಲ್ಲಿ ಹೋಗುತ್ತದೆ ಎಂಬುದು ವಸತಿಗೃಹದ ಅರ್ಜಿ ಕೈಗೆ ಬಂದಾಗಲೇ ತಿಳಿದದ್ದು.

ಆಕೆಯ ಕೆಲಸ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ನೆಲಮಾಳಿಗೆಯ ಉದ್ದನೆಯ ಕೋಣೆ. ಒಂದು ಗೋಡೆಯ ಗುಂಟ ಗುಡುಗುಡು ತಿರುಗುವ ಯಂತ್ರಗಳು, ಎದುರಿಗೆ ಒದ್ದೆ ಚಾದರಗಳನ್ನು ನುಂಗಿ ಆಚೆ ಗರಿಗರಿಯಾಗಿ ಉಗುಳುವ ಬಿಸಿ ಉರುಳೆ. ಉರುಳೆಯ ಬಾಯಿಗೆ ಚಾದರದ ಅಂಚು ಕೊಡುವವಳು ಈಕೆ. ಶಾಖ ತಾಗಿ ತಾಗಿ ಮೊಣಕೈಯಿಂದ ಕೆಳಗೆ ಒಂದು ಬಣ್ಣ, ಮೇಲೆ ಒಂದು ಬಣ್ಣ. ಮನೆ ಮುಟ್ಟಲು ಎರಡು ಬಸ್ಸು ಬದಲಿಸಬೇಕು. ಅಷ್ಟರಲ್ಲಿ ಮಕ್ಕಳಿಬ್ಬರೂ ಶಾಲೆಯಿಂದ ಬಂದು, ಒಳಗಿಂದ ಚಿಲಕ ಹಾಕಿಕೊಂಡು, ಒಂದು ಸುತ್ತು ಹೊಡೆದಾಡಿ, ಅತ್ತು, ರಾಜಿಯಾಗಿ, ಎರಡನೆಯ ಸುತ್ತಿಗೆ ಸೊಂಟ ಕಟ್ಟಿರುತ್ತಿದ್ದರು. ಒಮ್ಮೆ ದೊಡ್ಡವಳು ಹಾಲು ಕಾಯಿಸಹೋಗಿ ಕೈಬಟ್ಟೆಗೆ ಬೆಂಕಿ ಹತ್ತಿಸಿಕೊಂಡಿದ್ದಳು. ನೀರು ಸುರಿದು ಆರಿಸಿದವಳೂ ಅವಳೇ. ಆದರೆ ಅಂದಿನಿಂದ ಶಾಲೆ ಬಿಡುವ ಹೊತ್ತಾದರೆ ತಾಯಿಯ ಕೈ ಉರುಳೆಯ ಮುಂದೆ, ಜೀವ ಮನೆಯ ಒಲೆಯ ಮುಂದೆ.

ಈಗ ಆಸ್ಪತ್ರೆಯ ಹಿಂದಿನ ಕೆಲಸಗಾರರ ವಸತಿಗೃಹದಲ್ಲಿ ಒಂದು ಮನೆ ಖಾಲಿಯಾಗಿತ್ತು. ಎರಡು ಕೋಣೆ, ಪುಟ್ಟ ಅಡುಗೆಮನೆ. ವಿರಾಮದ ಹೊತ್ತಿಗೆ ಓಡಿಬಂದು ಮಕ್ಕಳ ಮುಖ ನೋಡಿ ಹೋಗುವಷ್ಟು ಹತ್ತಿರ. ಸಾಲಿನಲ್ಲಿ ಸೊಸೆಯ ಹೆಸರೇ ಮೊದಲು. ಆದರೆ ಅರ್ಜಿಯ ಕೆಳಗೊಂದು ನಿಯಮವಿತ್ತು: ಬಾಡಿಗೆ ಮನೆಯಲ್ಲಿ ಇರುವವರಿಗೆ ಆದ್ಯತೆ, ಸಂಬಂಧಿಕರ ಮನೆಯಲ್ಲಿ ಪುಕ್ಕಟೆ ಇರುವವರು ಸಾಲಿನ ಕೊನೆಗೆ. ಒಂದು ವರ್ಷದ ಬಾಡಿಗೆ ರಸೀದಿಗಳನ್ನು ಲಗತ್ತಿಸುವುದು.

ಆಕೆ ಅರ್ಜಿ ಹಿಡಿದು ಕೆಳಗಿಳಿದಳು. ಮಾವ ಪೇಪರ್ ಓದುತ್ತಿದ್ದರು.

"ಮಾವ, ಒಂದು ರಸೀದಿ ಬೇಕಾಗಿತ್ತು."

"ಯಾತಕ್ಕಮ್ಮ ರಸೀದಿ?"

"ಅದೇ, ಡಬ್ಬೀದು."

ಮಾವ ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿಕೊಂಡರು. ಮುಖ ಮರೆಯಾಯಿತು.

"ಡಬ್ಬಿ ವಾಪಸ್ ಕೊಟ್ನಲ್ಲ."

"ಡಬ್ಬಿ ಬಂತು ಮಾವ. ಒಳಗಿದ್ದಿದ್ದಕ್ಕೆ."

"ನೋಡಮ್ಮ," ಎಂದಿತು ಪೇಪರು. "ನಿನ್ನ ಗಂಡ ನನ್ನ ತಂಗಿ ಮಗ. ಎತ್ತಿ ಆಡಿಸಿದೀನಿ. ನಮ್ಮನಮ್ಮಲ್ಲಿ ಕಾಗದ ಪತ್ರ ಅಂತ ಶುರುವಾದ್ರೆ ಸಂಬಂಧ ಉಳಿಯುತ್ತಾ? ಇವತ್ತು ರಸೀದಿ ಅಂತೀಯ, ನಾಳೆ ಕರಾರುಪತ್ರ ಅಂತೀಯ."

"ನಂಬಿಕೆ ಇಲ್ಲ ಅಂತಲ್ಲ ಮಾವ. ಆಸ್ಪತ್ರೆಯವರು ಕೇಳ್ತಾರೆ. ಮನೆ ಸಿಗುತ್ತೆ."

ಪೇಪರು ಒಂದು ಪುಟ ತಿರುವಿತು.

"ಇಲ್ಲೇನು ಬಿಸಿಲಲ್ಲಿ ಕೂತಿದೀರಾ?" ಎಂದರು ಕೊನೆಗೆ. ಅಲ್ಲಿಗೆ ಮಾತು ಮುಗಿಯಿತು.

ಮರುದಿನ ಬಸ್ ನಿಲ್ದಾಣದಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದಳು. ಅವನು ಎಲ್ಲೋ ಹೆದ್ದಾರಿಯ ಬದಿಯಲ್ಲಿ ಊಟ ಮಾಡುತ್ತಿದ್ದ.

"ನಾನು ಮಾವನ ಹತ್ರ ರಸೀದಿ ಕೇಳೋದಾ? ಮರ್ಯಾದೆ ಇರಲ್ಲ ಕಣೇ."

"ಯಾರ ಮರ್ಯಾದೆ?"

"ಯಾರದೋ ಒಬ್ಬರದ್ದು ಹೋಗುತ್ತಲ್ಲ." ಸ್ವಲ್ಪ ಅಗಿದು ಹೇಳಿದ, "ನೀನೇ ಏನಾದ್ರೂ ಮಾಡು. ನಿನ್ನ ಮೇಲೆ ಅವರಿಗೆ ಪ್ರೀತಿ."

"ಪ್ರೀತಿ ಇದೆ ರೀ. ಆ ಪ್ರೀತೀನೇ ಅರ್ಜಿಗೆ ಲಗತ್ತಿಸಲಾ?"

ಹೆದ್ದಾರಿಯಲ್ಲಿ ಇದ್ದಕ್ಕಿದ್ದಂತೆ ಸಿಗ್ನಲ್ ಹೋಯಿತು. ಇಂಥ ಪ್ರಶ್ನೆಗಳು ಬಂದಾಗ ಆ ಹೆದ್ದಾರಿಯಲ್ಲಿ ಯಾವಾಗಲೂ ಹಾಗೆಯೇ.

ಆಕೆ ರಸೀದಿಯಿಲ್ಲದ ಅರ್ಜಿಯನ್ನೇ ಕೊಟ್ಟಳು. ರಸೀದಿ ಇಲ್ಲವೆಂದರೆ ಮನೆಗೇ ಬಂದು ವಿಚಾರಿಸುತ್ತೇವೆ ಎಂದರು. ವಿಚಾರಿಸಲು ವಸತಿ ವಿಭಾಗದ ಮೇಡಂ ಶನಿವಾರ ಮಧ್ಯಾಹ್ನ ಬಂದರು. ಬಿಸಿಲಿಗೆ ಬಾಡಿದ ಮುಖ, ಕಂಕುಳಲ್ಲಿ ಫೈಲು, ಒಂದು ಚಪ್ಪಲಿಯ ಪಟ್ಟಿಗೆ ಪಿನ್ನು. ಮೊದಲು ಎದುರಂಗಡಿಯ ಟೈಲರನ್ನೇ ಕೇಳಿದರು, ಮಹಡಿಯವರು ಬಾಡಿಗೆಗೆ ಇದ್ದಾರಾ ಎಂದು.

ಟೈಲರು ಕತ್ತಿಗೆ ಹಾಕಿಕೊಂಡ ಅಳತೆಪಟ್ಟಿಯನ್ನು ಸರಿಮಾಡಿಕೊಂಡ. "ಬಾಡಿಗೆನಾ? ಏನು ಹೇಳ್ತೀರಾ ಮೇಡಂ. ಕಂಡಕ್ಟರ್ ಮಾವ ದೇವರಂಥ ಮನುಷ್ಯ. ಒಂದು ಕಾಸು ತಗೊಳಲ್ಲ. ನಾನೂ ನನ್ನ ಅಂಗಡಿ ಮಾಲೀಕರಿಗೆ ದಿನಾ ಹೇಳ್ತೀನಿ, ಅವರನ್ನ ನೋಡಿ ಕಲೀರಿ ಅಂತ." ಇಂಥ ಸಾಕ್ಷಿ ಹೇಳುವ ಅವಕಾಶ ಅವನಿಗೆ ದಿನವೂ ಸಿಗುವುದಿಲ್ಲ. ಮುಂದೇನಾಗುತ್ತದೋ ನೋಡೋಣವೆಂದು ಕತ್ತರಿ ಹಿಡಿದುಕೊಂಡೇ ಮೇಡಂ ಹಿಂದೆ ಬಂದ.

ಮೆಟ್ಟಿಲಲ್ಲಿ ನಿಂತ ಸೊಸೆಗೆ ಎಲ್ಲ ಕೇಳಿಸಿತು. ತಾನೇ ಎಣಿಸಿ ಎಣಿಸಿ ಕೊಟ್ಟ ದುಡ್ಡು ಹೀಗೆ ಕಣ್ಣೆದುರಿಗೇ ಪುಣ್ಯವಾಗಿ ಬೇರೆಯವರ ಖಾತೆಗೆ ಹೋಗುವುದನ್ನು ಆಕೆ ಮೊದಲ ಸಲ ನೋಡಿದ್ದು.

ಕೆಳಗಿನ ಹಜಾರದಲ್ಲಿ ಮಾವನ ಜೊತೆ ದೊಡ್ಡತ್ತೆಯೂ ಕೂತಿದ್ದರು. ಮಾವನ ಅಕ್ಕ, ಪಕ್ಕದ ಬೀದಿಯಲ್ಲಿ ಮನೆ. ಶನಿವಾರ ಶನಿವಾರ ಬಂದು ತಮ್ಮನ ಒರಗು ಕುರ್ಚಿಯಲ್ಲಿ ಕೂತು ತಮ್ಮನ ತಪ್ಪುಗಳನ್ನು ಹುಡುಕಿ ಹೋಗುವುದು ಅವರ ವಾರದ ವಾಡಿಕೆ. ಮಾವ ಪಾಪ, ಸ್ಟೂಲಿನ ಮೇಲೆ.

"ಇವರಿಂದ ಬಾಡಿಗೆ ತಗೋತೀರಾ?" ಎಂದು ಮೇಡಂ ನೇರವಾಗಿ ಕೇಳಿದರು.

ಮಾವ ಅಕ್ಕನನ್ನು ನೋಡಿದರು. ಬಾಗಿಲಲ್ಲಿ ಕತ್ತರಿ ಹಿಡಿದು ನಿಂತ ಟೈಲರನ್ನು ನೋಡಿದರು. ಸೊಸೆಯನ್ನು ಮಾತ್ರ ನೋಡಲಿಲ್ಲ.

"ನಮ್ಮವರ ಹತ್ರ ಯಾರಾದ್ರೂ ಬಾಡಿಗೆ ತಗೋತಾರಾ ಮೇಡಂ?"

"ನಾನು ಕೊಡ್ತೀನಿ," ಎಂದಳು ಸೊಸೆ.

ದೊಡ್ಡತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಕೊಡ್ತೀಯಾ? ಯಾರಿಗೆ?"

"ಡಬ್ಬಿಗೆ, ದೊಡ್ಡತ್ತೆ."

ಟೈಲರು ನಕ್ಕ. ನಗುವುದೋ ಬೇಡವೋ ತಿಳಿಯದೆ ಅರ್ಧದಲ್ಲೇ ನಿಲ್ಲಿಸಿದ. ಮೇಡಂ ನಗಲಿಲ್ಲ. "ನೋಡಿ, ನನಗೆ ಇನ್ನೂ ಎಷ್ಟೋ ಮನೆ ಇದೆ. ಕೊಟ್ಟೆ ಅಂತ ನೀವಂತೀರಿ, ಬೀದಿಯವರು ಇಲ್ಲ ಅಂತಾರೆ. ಯಜಮಾನರೇ ಬರೆದು ಕೊಟ್ಟುಬಿಡ್ಲಿ." ಫೈಲಿನಿಂದ ಹಾಳೆ ತೆಗೆದು ಬರೆದು, ಓದಿದರು: "ಮೇಲ್ಕಂಡವರು ನನ್ನ ಮನೆಯಲ್ಲಿ ವಾಸವಾಗಿದ್ದು, ಅವರಿಂದ ನಾನು ಯಾವುದೇ ಹಣ ಪಡೆದಿರುವುದಿಲ್ಲ." ಆಮೇಲೆ, "ಇಲ್ಲಿ ಸಹಿ ಮಾಡಿ."

ಮಾವ ಪೆನ್ನು ತೆಗೆದುಕೊಂಡರು. ಕನ್ನಡಕ ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು.

ಸೊಸೆಯ ಕಣ್ಣು ಪೆನ್ನಿನ ತುದಿಯ ಮೇಲೆಯೇ ಇತ್ತು. ಆ ಸಹಿ ಬಿದ್ದರೆ ಮನೆ ಇನ್ನೊಬ್ಬರ ಪಾಲು. ಮಕ್ಕಳು ಒಳಗಿಂದ ಚಿಲಕ ಹಾಕಿಕೊಂಡು ಒಲೆ ಹಚ್ಚುವುದು ಇನ್ನೂ ಎಷ್ಟು ವರ್ಷವೋ. ಹಿರಿಯರನ್ನು ನಾಲ್ಕು ಜನರ ಮುಂದೆ ಸುಳ್ಳರೆನ್ನಲು ನಾಲಿಗೆ ಏಳಲಿಲ್ಲ.

ಆ ಹೊತ್ತಿಗೆ ಬಾಯಿ ತೆರೆದವರು ದೊಡ್ಡತ್ತೆ. ತಮ್ಮನಿಗೆ ಅಡ್ಡಗಾಲು ಹಾಕಬೇಕೆಂದೇನೂ ಅಲ್ಲ, ಬಾಯಿ ಮುಚ್ಚಿ ಕೂತು ಬಹಳ ಹೊತ್ತಾಗಿತ್ತು, ಅಷ್ಟೇ.

"ನನಗೆ ಈಗಲೂ ನಂಬೋಕಾಗಲ್ಲಮ್ಮ, ಇವನು ಪುಕ್ಕಟೆ ಇಟ್ಕೊಂಡಿದಾನೆ ಅಂದ್ರೆ. ನಾನು ತುಂಬಿದ ಬಸುರಿ, ಹೆರಿಗೆಗೆ ಅಂತ ಇವನ ಬಸ್ಸೇ ಹತ್ತಿದ್ದೆ. ಸ್ವಂತ ಅಕ್ಕ. ಟಿಕೆಟ್ ಹರಿದ ನೋಡಿ. ಹೋಗ್ಲಿ ಬಿಡು ಅಂದ್ಕೊಂಡೆ. ಆಮೇಲೆ ನನ್ನ ಬಟ್ಟೆ ಗಂಟಿಗೂ ಒಂದು ಹರಿದ."

"ಅದು ಲಗೇಜ್ ಅಕ್ಕ," ಎಂದರು ಮಾವ, ಪೆನ್ನು ಹಿಡಿದ ಕೈ ಮೇಲೆತ್ತಿ. "ಸೀಟಿನ ಮೇಲೆ ಇಟ್ಟಿದ್ದೆ ನೀನು. ಲಗೇಜಿಗೆ ಟಿಕೆಟ್ ತಗೋಬೇಕು."

"ಹೊಟ್ಟೆಯಲ್ಲಿದ್ದಿದ್ದಕ್ಕೆ ಅರ್ಧ ಟಿಕೆಟ್ ಕೇಳಲಿಲ್ಲವಲ್ಲ, ಪುಣ್ಯಾತ್ಮ."

"ಕೇಳೋ ನಿಯಮ ಇರಲಿಲ್ಲ." ಇದ್ದಿದ್ದರೆ ಕೇಳುತ್ತಿದ್ದರು ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಬಸ್ಸಿನ ಮಾತು ಬಂತೆಂದರೆ ಮಾವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅವರು ಮೇಡಂ ಕಡೆ ತಿರುಗಿದರು. "ನಾನು ಕೆಲಸದಲ್ಲಿದ್ದಷ್ಟು ವರ್ಷ ತಪಾಸಣೆಯವರು ನನ್ನ ಬಸ್ಸು ಹತ್ತದ ತಿಂಗಳಿಲ್ಲ ಮೇಡಂ. ಒಬ್ಬೊಬ್ಬ ಪ್ರಯಾಣಿಕನನ್ನೂ ಕೇಳ್ತಿದ್ರು. ದುಡ್ಡು ಕೊಟ್ಟೆ, ಕಂಡಕ್ಟರ್ ಟಿಕೆಟ್ ಕೊಡಲಿಲ್ಲ ಅಂತ ಒಬ್ಬನೇ ಒಬ್ಬ..."

ಮಾತು ಅಲ್ಲಿಗೇ ನಿಂತಿತು. ಹೇಳಿದ್ದು ಅವರಿಗೇ ಕೇಳಿಸಿತ್ತು.

ಮಹಡಿಯಲ್ಲಿ ಮಕ್ಕಳು ಹಗ್ಗದಾಟ ಆಡುತ್ತಿದ್ದರು. ಧಡ್ ಧಡ್ ಎಂದಂತೆಲ್ಲ ಚಾವಣಿಯ ಸುಣ್ಣ ಸಣ್ಣಗೆ ಉದುರಿ ಬಿಳಿ ಹಾಳೆಯ ಮೇಲೆ ಬೀಳುತ್ತಿತ್ತು.

"ಮಾವ," ಎಂದಳು ಸೊಸೆ, ಪಾಠ ಕೇಳುವ ಹುಡುಗಿಯಂತೆ. "ಅಂಥದ್ದು ಸಿಕ್ಕಿಬಿದ್ರೆ ಏನು ಮಾಡ್ತಿದ್ರು?"

"ಯಾರಿಗೆ?"

"ದುಡ್ಡು ಕೊಟ್ಟು ಟಿಕೆಟ್ ಇಲ್ದೆ ಕೂತಿರ್ತಾರಲ್ಲ, ಅವರಿಗೆ."

ಮಾವ ಹಾಳೆಯ ಮೇಲಿನ ಸುಣ್ಣವನ್ನು ಊದಿದರು. "ಅವರಿಗೆ ಏನೂ ಮಾಡೋ ಹಾಗಿಲ್ಲ. ತಪ್ಪು ಅವರದಲ್ಲ. ಅವರನ್ನ ಇಳಿಸೋ ಹಾಗಿಲ್ಲ."

"ಹಾಗಾದ್ರೆ ನನ್ನನ್ನೂ ಇಳಿಸ್ಬೇಡಿ ಮಾವ."

ಮಾವ ಪೆನ್ನಿನ ಟೊಪ್ಪಿ ಮುಚ್ಚಿ ಹಾಳೆಯನ್ನು ಮೇಡಂ ಕಡೆಗೆ ತಳ್ಳಿದರು. "ಇದಕ್ಕೆ ಸಹಿ ಹಾಕಲ್ಲ. ಬೇರೆ ಬಿಳಿ ಹಾಳೆ ಇದ್ರೆ ಕೊಡಿ." ಆಮೇಲೆ ಯಾರನ್ನೂ ನೋಡದೆ, "ಒಳಗೆ ಸ್ಕೇಲ್ ಇದೆ, ತಗೊಂಡು ಬಾಮ್ಮ" ಎಂದರು.

ಮುಂದಿನದನ್ನು ಟೈಲರು ವಾರಗಟ್ಟಲೆ ಅಂಗಡಿಗೆ ಬಂದವರಿಗೆಲ್ಲ ಅಳತೆ ತೆಗೆಯುತ್ತಲೇ ವರ್ಣಿಸಿದ. ಮಾವ ಹಾಳೆಗೆ ಅಡ್ಡ ಗೆರೆಗಳನ್ನು ಎಳೆದರು. ಗೆರೆಗಳ ನಡುವಿನ ಒಂದೊಂದು ಪಟ್ಟಿಯಲ್ಲೂ ತಿಂಗಳು, ಮೊತ್ತ, ಸಹಿ. ಹಾಳೆಯನ್ನು ಇಡಿಯಾಗಿ ಕೊಟ್ಟಿದ್ದರೆ ಸಾಕಾಗಿತ್ತು. ಆದರೆ ಅವರು ಸ್ಕೇಲನ್ನು ಒತ್ತಿ ಹಿಡಿದು, ನಾಲಿಗೆಗೆ ಬೆರಳು ತಾಗಿಸಿ, ಒಂದೊಂದೇ ಚೀಟಿಯನ್ನು ಪರ್ರ್ ಎಂದು ಹರಿದು ಸೊಸೆಯ ಕೈಗಿಟ್ಟರು. ಆಕೆ ಸಾಲಾಗಿ ನಿಂತ ಪ್ರಯಾಣಿಕರಷ್ಟೂ ತಾನೇ ಎಂಬಂತೆ ಒಂದೊಂದನ್ನೂ ಕೈಚಾಚಿ ತೆಗೆದುಕೊಂಡಳು.

"ಪುಕ್ಕಟೆ ಅಂತ ಊರಿಗೆಲ್ಲ ಸಾರಿದ್ದೇನೋ ಮತ್ತೆ?" ದೊಡ್ಡತ್ತೆ ಕೇಳಿದರು. ಅವರಿಗೆ ಮುಂದಿನ ಎಷ್ಟೋ ಶನಿವಾರಗಳಿಗೆ ಸಾಕಾಗುವಷ್ಟು ಸಾಮಗ್ರಿ ಒಂದೇ ದಿನ ಸಿಕ್ಕಿತ್ತು. "ನಾನು ನನ್ನ ಸೊಸೆಯಂದಿರಿಗೆ ಉದಾಹರಣೆ ಕೊಡ್ತಿದ್ದೆ ನಿಂದು."

"ಸುಮ್ನಿರಕ್ಕ, ಲೆಕ್ಕ ತಪ್ಪುತ್ತೆ." ಮಾವನ ಕಿವಿ ಕೆಂಪಗಾಗಿತ್ತು.

ಹತ್ತು ಚೀಟಿ ಹರಿದ ಮೇಲೆ ಕೈ ನಿಂತಿತು.

"ಇನ್ನೆರಡು," ಎಂದರು ಮೇಡಂ.

"ಇನ್ನೆರಡು ಇಲ್ಲ. ತಗೊಂಡಿಲ್ಲ."

"ಅದೇನ್ರೀ ಮತ್ತೆ?"

ಸೊಸೆ ತಲೆ ತಗ್ಗಿಸಿದಳು. ಆ ಎರಡು ತಿಂಗಳು ಲಾರಿಯ ಇಂಜಿನ್ ಕೆಟ್ಟು ಗಂಡ ಸಂಬಳವಿಲ್ಲದೆ ಮನೆಯಲ್ಲಿ ಕೂತಿದ್ದ. ಆಕೆ ಹೇಗೋ ಹೊಂದಿಸಿ ಡಬ್ಬಿಯನ್ನು ಕೆಳಗೆ ಒಯ್ದಿಟ್ಟಿದ್ದಳು. ಡಬ್ಬಿ ಮರ್ತು ಹೋಗಿದೀಯ ಎಂದು ಕೂಗು ಬಂತು. ಹೋಗಿ ಮುಚ್ಚಳ ತೆಗೆದರೆ ದುಡ್ಡು ಹಾಗೇ ಇತ್ತು. ಎಲ್ಲವೂ ಹರಿದ ನೋಟುಗಳಿರಬೇಕೆಂದು ಆಕೆ ಪೆದ್ದಿಯಂತೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ್ದಳು. ಒಂದೂ ಹರಿದಿರಲಿಲ್ಲ. ಮುಂದಿನ ತಿಂಗಳೂ ಅದೇ. ಮಾವನೂ ಮಾತೆತ್ತಲಿಲ್ಲ, ಆಕೆಯೂ ಎತ್ತಲಿಲ್ಲ.

"ನಮ್ಮ ಕಷ್ಟ ನೋಡಿ ಬಿಟ್ಟುಬಿಟ್ಟಿದ್ರು ಮೇಡಂ."

ದೊಡ್ಡತ್ತೆ ತಮ್ಮನ ಕಡೆ ನೋಡಿದರು, ಈ ಸಲ ಬೇರೆ ಥರ. "ಇದನ್ನ ಯಾಕೋ ಯಾರಿಗೂ ಹೇಳಲಿಲ್ಲ?"

"ಇದೆಲ್ಲ ಹೇಳೋದಾ?" ಎಂದರು ಮಾವ, ಮುಖ ಸಿಂಡರಿಸಿ. ಮಾಡದ ಉಪಕಾರವನ್ನು ಬೀದಿಯ ಕೊನೆಯವರೆಗೆ ಸಾರಿದ ಮನುಷ್ಯನಿಗೆ ಮಾಡಿದ ಉಪಕಾರ ಬಯಲಾದದ್ದಕ್ಕೆ ನಾಚಿಕೆಯಾದಂತಿತ್ತು.

ಮೇಡಂ ಹಣೆ ಒತ್ತಿಕೊಂಡರು. "ಬಿಟ್ಟುಬಿಟ್ಟೆ ಅಂದ್ರೆ ಆ ಎರಡು ತಿಂಗಳು ಪುಕ್ಕಟೆ ಆಯ್ತು. ವರ್ಷ ಪೂರ್ತಿ ಬಾಡಿಗೆ ಇರಬೇಕು ಅಂತ ನಿಯಮ. ಅವಕ್ಕೂ ಎರಡು ಚೀಟಿ ಬರೆದು ಕೊಟ್ಟುಬಿಡಿ, ನನ್ನ ಕೆಲಸಾನೂ ಮುಗಿಯುತ್ತೆ."

"ತಗೊಳ್ದೆ ಇರೋ ದುಡ್ಡಿಗೆ ಟಿಕೆಟ್ ಹರಿಯೋ ಜಾತಿ ನಂದಲ್ಲ ಮೇಡಂ."

ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟು ದಿನ ಸುಳ್ಳು ಅಡ್ಡ ನಿಂತಿತ್ತು. ಅದನ್ನು ಸರಿಸಿದರೆ ಈಗ ಅದರ ಜಾಗದಲ್ಲಿ ನಿಜ ಬಂದು ಕೂತಿದೆ. ಕೈಯಲ್ಲಿನ ಚೀಟಿಗಳು ಬೆವರಿಗೆ ಮೆತ್ತಗಾಗುತ್ತಿದ್ದವು.

ಮೇಡಂ ಫೈಲು ಮುಚ್ಚಲು ಹೋಗಿ, ಮುಚ್ಚಲಿಲ್ಲ. ಮೇಲೆ ಮಕ್ಕಳ ಸದ್ದು ನಿಂತು ಯಾರೋ ಒಬ್ಬಳು ಅಳಲು ಶುರುಮಾಡಿದ್ದಳು. "ಅಮ್ಮ ಇಲ್ದಾಗಲೂ ಹೀಗೇನಾ?" ಎಂದು ಕೇಳಿದರು. "ದಿನಾ ಮೇಡಂ," ಎಂದಳು ಸೊಸೆ. ಮೇಡಂ ಫೈಲನ್ನು ಮತ್ತೆ ಮಂಡಿಯ ಮೇಲೆ ಬಿಚ್ಚಿಟ್ಟುಕೊಂಡರು.

"ನೋಡಿ ಯಜಮಾನರೇ, ಬಿಟ್ಟಿದ್ದು ಬೇರೆ, ಬಾಕಿ ಇರೋದು ಬೇರೆ. ಬಾಕಿ ಇದ್ರೆ ನನಗೇನೂ ತೊಂದರೆ ಇಲ್ಲ. ನೆಂಟರಿಗೆ ಬಾಕಿ ಇರಲ್ಲ, ಬಾಡಿಗೆಯವರಿಗೇ ಬಾಕಿ ಇರೋದು. ನೀವು ಬಾಯಿಬಿಟ್ಟು ಬಿಟ್ಟಿದೀನಿ ಅಂತ ಇವರಿಗೆ ಹೇಳಿದ್ರಾ?"

ಮಾವ ಯೋಚಿಸಿದರು. ಪ್ರಾಮಾಣಿಕವಾಗಿಯೇ ಯೋಚಿಸಿದರು, ನೆನಪಿನ ಮೂಲೆಮೂಲೆಯಲ್ಲಿ ಹುಡುಕುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು.

"ಇಲ್ಲ. ಡಬ್ಬಿ ಮರ್ತು ಹೋಗಿದೀಯ ಅಂದೆ, ಅಷ್ಟೇ."

"ಮತ್ತೆ?"

"ಬಾಕಿ," ಎಂದರು ಮಾವ.

ತಮ್ಮ ಒಂದೇ ಒಂದು ನಿಜವಾದ ಧಾರಾಳವನ್ನು ಹೀಗೆ ಸೊಸೆಯ ತಲೆಯ ಮೇಲಿನ ಸಾಲವೆಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದರು. ಅದನ್ನೂ ಸ್ಕೇಲ್ ಇಟ್ಟೇ ಹರಿದರು.

ಮನೆ ಮಂಜೂರಾಯಿತು. ಗಂಡ ಎರಡು ದಿನ ರಜೆ ಹಾಕಿ ಬಂದು ಮಂಚ ಕಳಚಿದ. ರಸೀದಿ ಹೇಗೆ ಸಿಕ್ಕಿತೆಂದು ಯಾರನ್ನೂ ಕೇಳಲಿಲ್ಲ, ಕೇಳಿದರೆ ಯಾರದಾದರೂ ಮರ್ಯಾದೆ ಹೋದೀತೆಂದು. ಸಾಮಾನು ಕೆಳಗಿಳಿಯುವಷ್ಟು ಹೊತ್ತೂ ಮಾವ ಗೇಟಿನ ಬಳಿ ನಿಂತು, "ಅದನ್ನ ಅಡ್ಡ ಹಿಡಿ, ಇದನ್ನ ಮೊದಲು ಹತ್ತಿಸು, ಬಾಗಿಲ ಹತ್ರ ಜಾಗ ಬಿಡು" ಎಂದು ಗದರುತ್ತಿದ್ದರು. ಚಿಕ್ಕವಳು ಅವರ ಪಂಚೆಯ ತುದಿ ಹಿಡಿದು ಜೋತುಬಿದ್ದಿದ್ದಳು. ಬಿಡಿಸಿಕೊಳ್ಳುವ ಪ್ರಯತ್ನವನ್ನು ಅವರೇನೂ ಮಾಡುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಸೊಸೆ ಕೈಚೀಲದಿಂದ ಎರಡು ತಿಂಗಳ ಬಾಡಿಗೆಯನ್ನು ತೆಗೆದು, ಮುಚ್ಚುಮರೆಯಿಲ್ಲದೆ ಅವರ ಮುಂದೆ ಹಿಡಿದಳು.

"ಏನಿದು?"

"ಬಾಕಿ ಮಾವ. ನೀವೇ ಬರೆದಿದ್ದು."

"ಒಟ್ಟಿಗೆ ತಗೊಳಲ್ಲ."

"ಯಾಕೆ?"

"ಒಟ್ಟಿಗೆ ಕೊಡ್ಬೇಕು ಅಂತ ಬರೆದಿದೀನಾ ಅದ್ರಲ್ಲಿ? ಕಂತು ಕಟ್ಟು." ಮಾವ ನೋಟಿನ ಕಟ್ಟಿನಿಂದ ಅತಿ ಚಿಕ್ಕದೊಂದನ್ನು ಹೆಕ್ಕಿಕೊಂಡು ಉಳಿದದ್ದನ್ನು ಆಕೆಯ ಚೀಲಕ್ಕೇ ತುರುಕಿದರು. "ತಿಂಗಳಿಗೆ ಇಷ್ಟು ಸಾಕು."

"ಇದು ಇಲ್ಲಿಗೆ ಬಂದು ಹೋಗೋ ಬಸ್ ಚಾರ್ಜಿಗೂ ಸಮ ಇಲ್ವಲ್ಲ ಮಾವ."

"ಅದಕ್ಕೇ ಭಾನುವಾರ ಬೆಳಿಗ್ಗೆನೇ ಬನ್ನಿ. ಚಾರ್ಜು ದಂಡ ಆಗಬಾರದು, ಊಟ ಮಾಡ್ಕೊಂಡು ಸಂಜೆ ಹೋಗಿ." ಮಾವ ಚಿಕ್ಕವಳನ್ನು ಎತ್ತಿ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿದರು. ಕೂರಿಸಿದ ಮೇಲೂ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. "ಇವಳನ್ನ ಬಿಟ್ಟು ಒಬ್ಬಳೇ ಬಂದ್ರೆ ನಾನು ತಗೊಳಲ್ಲ. ಈಗಲೇ ಹೇಳಿದೀನಿ."

ಲಾರಿ ಹೊರಟಿತು. ಗಂಡ ಗೇರು ಬದಲಿಸುತ್ತ, "ಏನಂತೆ?" ಎಂದು ಕೇಳಿದ.

ಸೊಸೆ ಬೆರಳು ಮಡಚುತ್ತ ಲೆಕ್ಕ ಹಾಕುತ್ತಿದ್ದಳು. ಈ ಕಂತಿನಲ್ಲಿ ಹೋದರೆ ಬಾಕಿ ತೀರುವ ಹೊತ್ತಿಗೆ ಪಕ್ಕದಲ್ಲಿ ಕೂತು ಹಾರನ್ ಒತ್ತಲು ಕೈಚಾಚುತ್ತಿರುವ ಇವಳು ಕಾಲೇಜು ಮೆಟ್ಟಿಲು ಹತ್ತಿರುತ್ತಾಳೆ.

"ಭಾನುವಾರ ಯಾವ ಕೆಲಸಾನೂ ಇಟ್ಕೋಬೇಡಿ," ಎಂದಳು. "ಸಾಲ ತೀರಿಸೋದಿದೆ."